ಒಂಬತ್ತನೇ ತಿಂಗಳ ಸೂಜಿ: ಮೆನಿಂಜೈಟಿಸ್ ಇಳಿದದ್ದು ನಮ್ಮ ಜಿಲ್ಲೆಗಳಲ್ಲಿ ಯಾಕೆ ಕಾಣಿಸುತ್ತಿಲ್ಲ?

ಸಿಂಧನೂರು, ಗಂಗಾವತಿ, ಸಿರುಗುಪ್ಪ ಕಡೆ ಮೆದುಳು ಜ್ವರ ಅಂದ ತಕ್ಷಣ ಜನರಿಗೆ ನೆನಪಾಗುವುದು ಭತ್ತದ ಗದ್ದೆ, ಸೊಳ್ಳೆ, ಹಂದಿ. ಅದರಲ್ಲಿ ತಪ್ಪೇನಿಲ್ಲ. ತುಂಗಭದ್ರಾ ಕಾಲುವೆಯ ನೀರು ನಿಂತ ಗದ್ದೆಗಳಲ್ಲಿ ಹುಟ್ಟುವ ಸೊಳ್ಳೆ ಜಪಾನೀಸ್ ಎನ್ಸೆಫಲೈಟಿಸ್ ಎಂಬ ವೈರಸ್ಸನ್ನು ಹರಡುತ್ತದೆ. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಆ ಕಾಯಿಲೆಯ ಪಟ್ಟಿಯಲ್ಲಿರುವ ಜಿಲ್ಲೆಗಳೇ. 2006ರಲ್ಲಿ ದೇಶದಲ್ಲಿ ಅದರ ಲಸಿಕಾ ಅಭಿಯಾನ ಶುರುವಾದಾಗ ಮೊದಲ ಸುತ್ತಿನಲ್ಲೇ ಬಳ್ಳಾರಿ ಇತ್ತು.

ಆದರೆ ಸೊಳ್ಳೆಗೂ ಗದ್ದೆಗೂ ಸಂಬಂಧವೇ ಇಲ್ಲದ ಇನ್ನೊಂದು ಕಾಯಿಲೆ ಇದೆ. ಅದು ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್, ಅಂದರೆ ಮೆದುಳನ್ನು ಸುತ್ತಿಕೊಂಡಿರುವ ಪೊರೆಗೆ ತಗಲುವ ಸೋಂಕು. ಸೊಳ್ಳೆಯ ಮೆದುಳು ಜ್ವರದ ಬಗ್ಗೆ ಗೋಡೆ ಬರಹ, ಫಾಗಿಂಗ್, ಹಂದಿ ಸಾಗಿಸುವ ಗಲಾಟೆ ಎಲ್ಲವೂ ಆಗುತ್ತದೆ. ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ. ಮಾತಾಡಲೇಬೇಕು ಅಂತ ನನಗೆ ಅನ್ನಿಸುವುದಕ್ಕೆ ಕಾರಣ ಇಷ್ಟೇ: ಈ ಕಾಯಿಲೆಯನ್ನು ಬಹುಮಟ್ಟಿಗೆ ಅಳಿಸಿಹಾಕುವ ಲಸಿಕೆ ನಮ್ಮ ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಫ್ರಿಜ್ಜಿನಲ್ಲಿ ಪುಕ್ಕಟೆ ಇದೆ, ಮತ್ತು ಅದರ ಕೊನೆಯ ಡೋಸ್ ತಪ್ಪಿಹೋಗುವುದು ನಮ್ಮಂಥ ಕಡೆಗಳಲ್ಲೇ.

ಈ ಬ್ಯಾಕ್ಟೀರಿಯಾಗಳು ಎಲ್ಲಿಂದಲೋ ಬರುವುದಿಲ್ಲ. ಆರೋಗ್ಯವಾಗಿರುವ ಮಕ್ಕಳ, ದೊಡ್ಡವರ ಮೂಗು-ಗಂಟಲಲ್ಲೇ ಸುಮ್ನೆ ಇರುತ್ತವೆ. ಕೆಮ್ಮು, ಸೀನು, ಮುದ್ದಾಡುವುದು, ಹೀಗೆ ಒಬ್ಬರಿಂದ ಒಬ್ಬರಿಗೆ ಹೋಗುತ್ತವೆ. ಸಾವಿರಾರು ಮಕ್ಕಳಿಗೆ ಏನೂ ಆಗುವುದಿಲ್ಲ, ಯಾವುದೋ ಒಂದು ಕೂಸಿನಲ್ಲಿ ಗಂಟಲಿಂದ ರಕ್ತಕ್ಕೆ ಇಳಿದು ಅಲ್ಲಿಂದ ಮೆದುಳಿನ ಪೊರೆಗೆ ಹೋಗುತ್ತವೆ. ಹೋದ ಮೇಲೆ ಎಲ್ಲವೂ ಗಂಟೆಗಳ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಈ ಕಾಯಿಲೆ ಬಂದ ಆರು ಜನರಲ್ಲಿ ಒಬ್ಬರು ಸಾಯುತ್ತಾರೆ, ಐವರಲ್ಲಿ ಒಬ್ಬರಿಗೆ ದೊಡ್ಡ ತೊಂದರೆ ಉಳಿದುಬಿಡುತ್ತದೆ. ಕಿವುಡು, ಫಿಟ್ಸ್, ಕೈಕಾಲು ಸ್ವಾಧೀನ ಇಲ್ಲದಿರುವುದು, ಓದು ಹತ್ತದಿರುವುದು. ಇವುಗಳಲ್ಲಿ ಜಾಸ್ತಿ ಕಾಣುವುದು ಕಿವುಡು. ಮಾತು ಕಲಿಯುವ ಮೊದಲೇ ಕಿವಿ ಹೋದ ಮಗು ಮೂಗ ಆಗುತ್ತದೆ, ಮತ್ತು ಮನೆಯವರು ಅದನ್ನು ಹುಟ್ಟಾ ಬಂದದ್ದು ಅಂತಲೇ ತಿಳಿದುಕೊಂಡಿರುತ್ತಾರೆ. ಮೆನಿಂಜೈಟಿಸ್ ನಂತರ ಒಳಕಿವಿಯಲ್ಲಿ ಮೂಳೆ ಬೆಳೆದು ಮುಚ್ಚಿಕೊಳ್ಳುವುದೂ ಉಂಟು. ಆಮೇಲೆ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕೇಳಿಸಲು ಒಳಕಿವಿಗೆ ಕೂಡಿಸುವ ಯಂತ್ರ, ಅದನ್ನು ಹಾಕುವುದೂ ಕಷ್ಟ. ಹಾಗಾಗಿ ಈ ಕಾಯಿಲೆ ಬಂದು ಗುಣವಾದ ಮಗುವಿನ ಕಿವಿ ಪರೀಕ್ಷೆಯನ್ನು ತಕ್ಷಣ ಮಾಡಿಸಬೇಕು. ಇದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಬರೆದುಕೊಡದಿದ್ದರೂ ನಾವೇ ಕೇಳಬೇಕು.

ದೊಡ್ಡವರಿಗಾದರೆ ಕುತ್ತಿಗೆ ಬಿಗಿಯುತ್ತದೆ, ತಲೆ ಸಿಡಿಯುತ್ತದೆ. ಹಸುಗೂಸಿನಲ್ಲಿ ಅಷ್ಟು ಸ್ಪಷ್ಟವಾಗಿ ಏನೂ ಇರುವುದಿಲ್ಲ. ಜ್ವರ, ಮೊಲೆ ಹಿಡಿಯದಿರುವುದು, ಕೀರಲು ದನಿಯ ಅಳು, ಎಬ್ಬಿಸಿದರೂ ಏಳದ ಮಂಪರು, ವಾಂತಿ, ನೆತ್ತಿ ಉಬ್ಬುವುದು, ಫಿಟ್ಸ್. ನಮ್ಮ ಕಡೆ ಇದನ್ನು ನೋಡಿದ ಎಷ್ಟೋ ಮನೆಯವರು ದೃಷ್ಟಿ ಆಗಿದೆ, ಬಾಲಗ್ರಹ ಅಂತ ತಾಯಿತ ಕಟ್ಟಿಸುತ್ತಾರೆ. ಕೂಸಿಗೆ ಬರೆ ಹಾಕಿಸುವುದು ಇನ್ನೂ ಪೂರ್ತಿ ನಿಂತಿಲ್ಲ. ಅಷ್ಟರಲ್ಲಿ ಒಂದು ಹಗಲು ಹೋಗುತ್ತದೆ, ಒಂದು ರಾತ್ರಿ ಹೋಗುತ್ತದೆ.

ಹುಟ್ಟಿ ಒಂದೆರಡು ತಿಂಗಳು ದಾಟಿದ ಮಕ್ಕಳಲ್ಲಿ ಈ ಕಾಯಿಲೆ ತರುವ ಮುಖ್ಯ ಬ್ಯಾಕ್ಟೀರಿಯಾಗಳು ಮೂರು. ಹಿಬ್, ಅಂದರೆ ಹಿಮೋಫಿಲಸ್ ಇನ್‌ಫ್ಲುಯೆಂಜೆ ಟೈಪ್ ಬಿ. ನ್ಯುಮೋಕಾಕಸ್. ಮೆನಿಂಗೋಕಾಕಸ್. ಭಾರತದ ಹಲವು ಆಸ್ಪತ್ರೆಗಳಲ್ಲಿ 2012-13ರಲ್ಲಿ ನಡೆದ ಸಮೀಕ್ಷೆಯಲ್ಲಿ, ಲ್ಯಾಬ್‌ನಲ್ಲಿ ಖಚಿತವಾದ ಪ್ರಕರಣಗಳ ಪೈಕಿ ಸುಮಾರು ಶೇ 83 ನ್ಯುಮೋಕಾಕಸ್, ಶೇ 14 ಹಿಬ್, ಉಳಿದದ್ದು ಮೆನಿಂಗೋಕಾಕಸ್. ಹಿಬ್‌ಗೆ ಮದ್ದು ಪೆಂಟಾವೇಲೆಂಟ್ (ಪೆಂಟಾ), ಅಂದರೆ ಐದು ಕಾಯಿಲೆಗೆ ಒಂದೇ ಸೂಜಿಯ ಲಸಿಕೆಯೊಳಗೇ ಇದೆ. ನ್ಯುಮೋಕಾಕಸ್‌ಗೆ ಪಿಸಿವಿ ಎಂಬ ಬೇರೆ ಲಸಿಕೆ. ಮೆನಿಂಗೋಕಾಕಸ್ ಲಸಿಕೆ ನಮ್ಮ ಸರ್ಕಾರಿ ಪಟ್ಟಿಯಲ್ಲಿಲ್ಲ. ಹಜ್‌ಗೆ ಹೋಗುವವರು ಅದನ್ನು ಕಡ್ಡಾಯವಾಗಿ ಹಾಕಿಸಿಕೊಳ್ಳುತ್ತಾರೆ.

ಇಷ್ಟು ಕೆಟ್ಟ ಕಾಯಿಲೆಗೆ ಲಸಿಕೆ ಬರುವುದು ಯಾಕೆ ಅಷ್ಟು ತಡವಾಯಿತು? ಈ ಬ್ಯಾಕ್ಟೀರಿಯಾಗಳ ಮೈಮೇಲೆ ಸಕ್ಕರೆಯ ಒಂದು ಕವಚ ಇದೆ. ಎರಡು ವರ್ಷದೊಳಗಿನ ಮಗುವಿನ ದೇಹಕ್ಕೆ ಆ ಸಕ್ಕರೆಯನ್ನು ಶತ್ರು ಅಂತ ಗುರುತಿಸಲು ಬರುವುದಿಲ್ಲ. ಹಾಗಾಗಿ ಬರೀ ಸಕ್ಕರೆಯಿಂದ ಮಾಡಿದ ಹಿಬ್‌ನ ಮೊದಲ ಲಸಿಕೆ, 1985ರಲ್ಲಿ ಅಮೆರಿಕದಲ್ಲಿ ಬಂದದ್ದು, ಯಾರಿಗೆ ಅತಿ ಬೇಕಿತ್ತೋ ಆ ಕೂಸುಗಳಿಗೇ ಕೆಲಸ ಮಾಡಲಿಲ್ಲ. ಆಮೇಲೆ ವಿಜ್ಞಾನಿಗಳು ಆ ಸಕ್ಕರೆಯನ್ನು ಒಂದು ಪ್ರೋಟೀನಿಗೆ ಕಟ್ಟಿದರು. ಪ್ರೋಟೀನನ್ನು ಕೂಸಿನ ದೇಹ ಗುರುತಿಸುತ್ತದೆ, ಜೊತೆಗಿದ್ದ ಸಕ್ಕರೆಯನ್ನೂ ಕಲಿತುಕೊಳ್ಳುತ್ತದೆ, ವರ್ಷಗಟ್ಟಲೆ ನೆನಪಿಟ್ಟುಕೊಳ್ಳುತ್ತದೆ. ಇದಕ್ಕೆ ಕಾಂಜುಗೇಟ್ ಲಸಿಕೆ ಅನ್ನುತ್ತಾರೆ. ಪೆಂಟಾದಲ್ಲಿರುವ ಹಿಬ್ ಭಾಗವೂ ಪಿಸಿವಿಯೂ ಇದೇ ಬಗೆಯವು. ಈ ಕೆಲಸ ಮಾಡಿದ ಜಾನ್ ರಾಬಿನ್ಸ್, ರೇಚಲ್ ಶ್ನೀರ್ಸನ್, ಡೇವಿಡ್ ಸ್ಮಿತ್, ಪೋರ್ಟರ್ ಆಂಡರ್ಸನ್ ಎಂಬ ನಾಲ್ವರಿಗೆ 1996ರಲ್ಲಿ ಅಮೆರಿಕದ ದೊಡ್ಡ ವೈದ್ಯಕೀಯ ಗೌರವವಾದ ಲಾಸ್ಕರ್ ಪ್ರಶಸ್ತಿ ಬಂತು.

ಪರಿಣಾಮ ಎಷ್ಟಿತ್ತು ಅಂದರೆ, ಅಮೆರಿಕದಲ್ಲಿ ಲಸಿಕೆಗೆ ಮೊದಲು ಐದು ವರ್ಷದೊಳಗಿನ ಸುಮಾರು 20 ಸಾವಿರ ಮಕ್ಕಳಿಗೆ ಪ್ರತಿ ವರ್ಷ ಹಿಬ್‌ನ ತೀವ್ರ ಸೋಂಕು ಬರುತ್ತಿತ್ತು, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಮೆನಿಂಜೈಟಿಸ್ಸೇ. ಈಗ ಅದು ಶೇ 99ಕ್ಕೂ ಹೆಚ್ಚು ಇಳಿದಿದೆ. ಅಮೆರಿಕ ಅಂದರೆ ದುಡ್ಡಿರುವ ದೇಶ, ನಮಗೂ ಅದಕ್ಕೂ ಏನು ಹೋಲಿಕೆ ಅನ್ನಬಹುದು. ಹಾಗಾದರೆ ಗ್ಯಾಂಬಿಯಾ ನೋಡಿ. ಪಶ್ಚಿಮ ಆಫ್ರಿಕಾದ ಪುಟ್ಟ ಬಡ ದೇಶ, ಶೇಂಗಾ ಬೆಳೆದು ಬದುಕುವ ಜನ, ಸುಡು ಬಿಸಿಲು. ನಮ್ಮ ಕಡೆಯವರಿಗೆ ಗುರುತು ಹತ್ತುವಂಥ ಊರು. ಅಲ್ಲಿ 1997ರಲ್ಲಿ ಹಿಬ್ ಲಸಿಕೆ ಶುರುವಾಯಿತು. ಲಸಿಕೆಗೆ ಮೊದಲು ಒಂದು ವರ್ಷದೊಳಗಿನ ಪ್ರತಿ ಲಕ್ಷ ಮಕ್ಕಳಲ್ಲಿ ವರ್ಷಕ್ಕೆ 200ಕ್ಕೂ ಹೆಚ್ಚು ಮಂದಿಗೆ ಹಿಬ್ ಮೆನಿಂಜೈಟಿಸ್ ಬರುತ್ತಿತ್ತು. 2002ರ ಹೊತ್ತಿಗೆ ಅದು ಸೊನ್ನೆ. ನಡುವೆ ಲಸಿಕೆ ಪೂರೈಕೆಯಲ್ಲಿ ಏರುಪೇರು ಆಗಿತ್ತು, ಎಲ್ಲ ಮಕ್ಕಳಿಗೂ ಎಲ್ಲ ಡೋಸ್ ಸಿಕ್ಕಿರಲಿಲ್ಲ, ಆದರೂ ಸೊನ್ನೆ.

ಇದು ಹೇಗೆ ಸಾಧ್ಯವಾಯಿತು ಅನ್ನುವುದಕ್ಕೆ ಉತ್ತರ ಗ್ಯಾಂಬಿಯಾದಲ್ಲಿ ಇದನ್ನು ಎಣಿಸಿದ ಅಧ್ಯಯನದಲ್ಲೇ ಇದೆ. ಒಂದರಿಂದ ಎರಡು ವರ್ಷದ ಮಕ್ಕಳಲ್ಲಿ ಮೊದಲು ಶೇ 12ರಷ್ಟು ಮಂದಿಯ ಗಂಟಲಲ್ಲಿ ಹಿಬ್ ಇತ್ತು. ಆಮೇಲೆ ಅದು ಶೇ 0.25ಕ್ಕೆ ಇಳಿಯಿತು. ಲಸಿಕೆ ಹಾಕಿದ ಮಗುವಿನ ಗಂಟಲಲ್ಲೇ ಬ್ಯಾಕ್ಟೀರಿಯಾಗೆ ಜಾಗ ಇಲ್ಲದಾದರೆ ಪಕ್ಕದ ಮನೆಯ ಲಸಿಕೆ ಹಾಕದ ಕೂಸಿಗೆ ಅದು ಹೋಗುವುದಾದರೂ ಎಲ್ಲಿಂದ? ಒಂದು ಮಗುವಿಗೆ ಹಾಕಿದ ಸೂಜಿ ಇಡೀ ಓಣಿಗೆ ಕೆಲಸ ಮಾಡುತ್ತದೆ.

ಜಗತ್ತಿನ ಲೆಕ್ಕ ಒಂದೇ ಸಾಲಿನಲ್ಲಿ ಹೇಳುವುದಾದರೆ, ಹಿಬ್‌ನಿಂದ ಸತ್ತ ಐದು ವರ್ಷದೊಳಗಿನ ಮಕ್ಕಳು 2000ರಲ್ಲಿ ಸುಮಾರು 3 ಲಕ್ಷ, 2015ರಲ್ಲಿ ಸುಮಾರು 30 ಸಾವಿರ ಅಂತ ಅಂದಾಜು. ಇದರಲ್ಲಿ ನ್ಯುಮೋನಿಯಾವೂ ಸೇರಿದೆ.

ಇಷ್ಟೆಲ್ಲ ಆಗುತ್ತಿದ್ದಾಗ ಭಾರತದಲ್ಲಿ ಏನು ನಡೆದಿತ್ತು? ವಾದ ನಡೆದಿತ್ತು. ನಮ್ಮ ದೇಶದಲ್ಲಿ ಹಿಬ್ ಅಷ್ಟಾಗಿ ಇಲ್ಲ, ಲ್ಯಾಬ್‌ಗಳಲ್ಲಿ ಸಿಗುತ್ತಲೇ ಇಲ್ಲ, ಹೀಗಿರುವಾಗ ಲಸಿಕೆ ಯಾಕೆ ಅಂತ ಹೇಳುವವರು ಬಹಳ ಮಂದಿ ಇದ್ದರು. ಕೇಳಲು ಸರಿಯಾದ ಪ್ರಶ್ನೆ ಅನ್ನಿಸುತ್ತದೆ ಅಲ್ವಾ? ಆದರೆ ಸಿಗದಿರುವುದಕ್ಕೂ ಇಲ್ಲದಿರುವುದಕ್ಕೂ ದೊಡ್ಡ ಅಂತರವಿದೆ. ಹಿಬ್ ಅನ್ನು ಲ್ಯಾಬ್‌ನಲ್ಲಿ ಬೆಳೆಸುವುದು ಸುಲಭವಲ್ಲ. ಬಿಸಿ ಮಾಡಿದ ರಕ್ತ ಬೆರೆಸಿ ತಯಾರಿಸುವ ಚಾಕೊಲೇಟ್ ಅಗಾರ್ ಎಂಬ ತಟ್ಟೆ ಬೇಕು, ಬೆನ್ನಿನ ನೀರು, ಅಂದರೆ ಮೆದುಳು-ಬೆನ್ನುಹುರಿಯ ಸುತ್ತ ಇರುವ, ಬೆನ್ನಿಗೆ ಸೂಜಿ ಹಾಕಿ ತೆಗೆಯುವ ದ್ರವ, ಹೊತ್ತಿಗೆ ಸರಿಯಾಗಿ ಲ್ಯಾಬ್ ಸೇರಬೇಕು. ಮಗುವಿಗೆ ಅದಕ್ಕೆ ಮೊದಲೇ ಆಂಟಿಬಯೋಟಿಕ್ ಬಿದ್ದಿದ್ದರೆ ತಟ್ಟೆಯಲ್ಲಿ ಏನೂ ಬೆಳೆಯುವುದಿಲ್ಲ.

ಈ ಅಂತರ ಎಷ್ಟು ದೊಡ್ಡದು ಅಂತ ತೋರಿಸಿದ್ದು ಇಂಡೋನೇಷ್ಯಾದ ಲೊಂಬೊಕ್ ದ್ವೀಪದ ಒಂದು ಪ್ರಯೋಗ, 2005ರಲ್ಲಿ ಪ್ರಕಟವಾಯಿತು. ಅಲ್ಲಿನ ಸಂಶೋಧಕರು ಪ್ರಶ್ನೆಯನ್ನೇ ತಿರುಗಿಸಿದರು. ಬ್ಯಾಕ್ಟೀರಿಯಾ ಸಿಕ್ಕಿತೋ ಇಲ್ಲವೋ ಅಂತ ಕಾಯುವ ಬದಲು, ಕೆಲವು ಮಕ್ಕಳಿಗೆ ಹಿಬ್ ಲಸಿಕೆ ಸೇರಿಸಿ ಕೊಟ್ಟರು, ಉಳಿದವರಿಗೆ ಅದಿಲ್ಲದ ಮಾಮೂಲು ಲಸಿಕೆ ಕೊಟ್ಟರು. ಆಮೇಲೆ ಎರಡೂ ಗುಂಪಿನಲ್ಲಿ ಒಟ್ಟು ಎಷ್ಟು ಮೆನಿಂಜೈಟಿಸ್ ಬಂತು ಅಂತ ಎಣಿಸಿದರು. ಲ್ಯಾಬ್‌ನಲ್ಲಿ ಖಚಿತವಾದದ್ದನ್ನಷ್ಟೇ ಲೆಕ್ಕ ಹಿಡಿದರೆ ಲಸಿಕೆ ತಡೆದದ್ದು ಲಕ್ಷ ಮಕ್ಕಳಿಗೆ ವರ್ಷಕ್ಕೆ 16. ವೈದ್ಯರು ನೋಡಿ ಮೆನಿಂಜೈಟಿಸ್ ಅಂದ ಎಲ್ಲ ಪ್ರಕರಣಗಳನ್ನೂ ಹಿಡಿದರೆ 158. ಸುಮಾರು ಹತ್ತು ಪಟ್ಟು! ಇಷ್ಟು ದಿನ ಲ್ಯಾಬ್ ರಿಪೋರ್ಟ್ ನೋಡಿ ಕಾಯಿಲೆಯೇ ಇಲ್ಲ ಅಂದುಕೊಂಡ ದೇಶಗಳಿಗೆಲ್ಲ ಇದು ಕಣ್ಣು ತೆರೆಸುವ ಅಂಕಿ.

ಈಗ ನಮ್ಮ ಜಿಲ್ಲೆಗಳಿಗೆ ಬರೋಣ. ಕೂಸಿಗೆ ಜ್ವರ ಬಂದರೆ ಮೊದಲು ಹೋಗುವುದು ಊರಿನ ಆರ್‌ಎಂಪಿ, ಅಂದರೆ ಡಿಗ್ರಿ ಇಲ್ಲದ ಹಳ್ಳಿ ಡಾಕ್ಟರ್ ಹತ್ತಿರ. ಅವರು ಒಂದು ಇಂಜೆಕ್ಷನ್ ಮಾಡಿ ಕಳಿಸುತ್ತಾರೆ. ಕಡಿಮೆಯಾಗದಿದ್ದರೆ ತಾಲೂಕು ಆಸ್ಪತ್ರೆ, ಅಲ್ಲಿ ಇನ್ನೊಂದು ಆಂಟಿಬಯೋಟಿಕ್. ಫಿಟ್ಸ್ ಬಂದ ಮೇಲೆ ಬಳ್ಳಾರಿಗೆ, ರಾಯಚೂರಿನ ರಿಮ್ಸ್‌ಗೆ, ಕೊಪ್ಪಳದ ಕಿಮ್ಸ್‌ಗೆ. ಬಳ್ಳಾರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯನ್ನು ಜನ ಇನ್ನೂ ವಿಮ್ಸ್ ಅಂತಲೇ ಕರೆಯುತ್ತಾರೆ, ಸುತ್ತಲಿನ ತಾಲೂಕುಗಳ, ಆಂಧ್ರದ ಗಡಿ ಹಳ್ಳಿಗಳ ಮಕ್ಕಳೂ ಅಲ್ಲಿಗೇ ಬರುತ್ತಾರೆ. ಅಷ್ಟರಲ್ಲಿ ಮಗುವಿನ ಮೈಯಲ್ಲಿ ಎರಡು ಮೂರು ಬಗೆಯ ಔಷಧಿ ಇರುತ್ತದೆ. ವೈದ್ಯರು ಬೆನ್ನಿನಿಂದ ನೀರು ತೆಗೆದು ಪರೀಕ್ಷೆ ಮಾಡಬೇಕು ಅಂದರೆ ಮನೆಯವರು ಗಾಬರಿ ಬೀಳುತ್ತಾರೆ. "ಬೆನ್ನಾಗಿನ ನೀರು ತೆಗದ್ರ ಕೂಸಿಗೆ ಲಕ್ವ ಹೊಡಿತೈತಂತಲ್ರಿ ಸಾಹೇಬ್ರ, ಬ್ಯಾಡ್ರಿ" ಅಂತ ಅಜ್ಜಿ ಕೈ ಮುಗಿಯುತ್ತಾಳೆ. ಲಕ್ವ ಹೊಡೆಯುವುದಿಲ್ಲ. ಸೂಜಿ ಹೋಗುವುದು ಬೆನ್ನುಹುರಿ ಮುಗಿದ ನಂತರದ, ಅದಕ್ಕಿಂತ ಕೆಳಗಿನ ಜಾಗಕ್ಕೆ. ಆದರೆ ಈ ಹೆದರಿಕೆಯಿಂದ ಎಷ್ಟೋ ಸಲ ಪರೀಕ್ಷೆ ಆಗುವುದೇ ಇಲ್ಲ. ಮಗು ಉಳಿದರೂ ಸತ್ತರೂ ದಾಖಲೆಯಲ್ಲಿ ಉಳಿಯುವುದು "ಜ್ವರ, ಫಿಟ್ಸ್" ಅಷ್ಟೇ.

ಇದರಿಂದ ಆದದ್ದೇನು? ಕರ್ನಾಟಕದಲ್ಲಿ 2012-13ರಲ್ಲಿ ಪೆಂಟಾವೇಲೆಂಟ್ ಬಂತು. ಅದಕ್ಕೆ ಮೊದಲು ಕಾಯಿಲೆಯನ್ನು ಸರಿಯಾಗಿ ಎಣಿಸಿರಲಿಲ್ಲ, ಹಾಗಾಗಿ ಆಮೇಲೆ ಇಳಿದದ್ದನ್ನೂ ಊರಿನವರ ಕಣ್ಣಿಗೆ ತೋರಿಸಲು ಆಗಲಿಲ್ಲ. ಪೋಲಿಯೋ ಹಾಗಲ್ಲ. ಕಾಲು ಸೊಟ್ಟಗಾದ ಮಗು ಪ್ರತಿ ಓಣಿಯಲ್ಲೂ ಇತ್ತು, ಈಗ ಇಲ್ಲ, ಎಲ್ಲರಿಗೂ ಗೊತ್ತು. ಮೆನಿಂಜೈಟಿಸ್ ತಪ್ಪಿಸಿಕೊಂಡ ಮಗು ಯಾವುದು ಅಂತ ಯಾರಿಗೂ ಗೊತ್ತಿಲ್ಲ, ಅದರ ತಾಯಿಗೂ ಗೊತ್ತಿಲ್ಲ. ಅವಳಿಗೆ ಗೊತ್ತಿರುವುದು ಪೆಂಟಾ ಹಾಕಿಸಿದ ರಾತ್ರಿ ಕೂಸಿಗೆ ಜ್ವರ ಬಂತು, ತೊಡೆ ಬಾತುಕೊಂಡಿತು, ಮಾರನೇ ದಿನ ಕೂಲಿ ತಪ್ಪಿತು ಅನ್ನುವುದು. ಆ ಜ್ವರ ನಾಯಿಕೆಮ್ಮಿನ ಲಸಿಕೆಯ ಭಾಗದಿಂದ ಬರುವುದು, ಒಂದೆರಡು ದಿನದಲ್ಲಿ ಹೋಗುತ್ತದೆ. ಸಿಸ್ಟರ್ ಹೇಳಿದ ಪ್ರಮಾಣದಲ್ಲಿ ಪ್ಯಾರಸಿಟಮಾಲ್ ಹನಿ ಕೊಟ್ಟರೆ ಸಾಕು. ಆದರೆ ಕಂಡ ತೊಂದರೆ ಒಂದು ಕಡೆ, ಕಾಣದ ಲಾಭ ಇನ್ನೊಂದು ಕಡೆ ಇದ್ದಾಗ ಮುಂದಿನ ಗುರುವಾರ, ಅಂದರೆ ಲಸಿಕೆ ಹಾಕುವ ದಿನ, ಅವಳು ಹಿಂದೇಟು ಹಾಕಿದರೆ ಅವಳನ್ನು ಬೈಯಲು ನನಗೆ ಮನಸ್ಸಿಲ್ಲ. ಲಾಭವನ್ನು ಅವಳಿಗೆ ಹೇಳದಿರುವವರು ನಾವು.

ಪಿಸಿವಿಯ ಕಥೆ ಇನ್ನೂ ನೋವಿನದು. ಎಷ್ಟೋ ವರ್ಷ ಅದು ಖಾಸಗಿ ಕ್ಲಿನಿಕ್‌ಗಳಲ್ಲಿ ಮಾತ್ರ ಸಿಗುತ್ತಿತ್ತು, ಒಂದು ಡೋಸ್‌ಗೆ ಮೂರು-ನಾಲ್ಕು ಸಾವಿರ. ಅಂದರೆ ಹೊಸಪೇಟೆ, ಬಳ್ಳಾರಿ ಪೇಟೆಯ ಅನುಕೂಲಸ್ಥರ ಮಕ್ಕಳಿಗೆ ರಕ್ಷಣೆ. ಒಂದೇ ಕೋಣೆಯಲ್ಲಿ ಎಂಟು ಜನ ಮಲಗುವ, ಒಲೆ ಹೊಗೆ ಕುಡಿಯುವ, ತೂಕ ಕಡಿಮೆ ಇರುವ ಕೂಸಿಗೆ ಇಲ್ಲ. ಕಾಯಿಲೆ ಹೆಚ್ಚು ಬರುವುದು ಆ ಕೂಸಿಗೇ. 2017ರಲ್ಲಿ ಸರ್ಕಾರ ಹಿಮಾಚಲ, ಬಿಹಾರ, ಉತ್ತರ ಪ್ರದೇಶದ ಕಡೆ ಶುರು ಮಾಡಿತು. ಆಮೇಲೆ ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ನ್ಯುಮೋಸಿಲ್ ಎಂಬ ಅಗ್ಗದ ಲಸಿಕೆ ಮಾಡಿತು. 2021ರ ಅಕ್ಟೋಬರ್‌ನಲ್ಲಿ ದೇಶದ ಉಳಿದ ಕಡೆಗೆಲ್ಲ ವಿಸ್ತರಿಸುವ ಕೆಲಸ ಶುರುವಾಗಿ ನಮ್ಮ ಕಡೆಗೂ ಪಿಸಿವಿ ಬಂತು. ಆರು ವಾರಕ್ಕೆ ಒಂದು, 14 ವಾರಕ್ಕೆ ಒಂದು, 9 ತಿಂಗಳಿಗೆ ಬೂಸ್ಟರ್. ಪೆಂಟಾ 6, 10, 14 ವಾರಕ್ಕೆ. ಎಡ ತೊಡೆಗೆ ಪೆಂಟಾ, ಬಲ ತೊಡೆಗೆ ಪಿಸಿವಿ.

ನನ್ನ ಮುಖ್ಯ ಮಾತು ಇರುವುದು ಆ ಒಂಬತ್ತನೇ ತಿಂಗಳ ಬೂಸ್ಟರ್ ಬಗ್ಗೆ. ಮೊದಲೆರಡು ಡೋಸ್ ಕೂಸನ್ನು ಆ ಎಳೆ ವಯಸ್ಸಿನಲ್ಲಿ ಕಾಯುತ್ತವೆ. ಬೂಸ್ಟರ್ ಆ ರಕ್ಷಣೆಯನ್ನು ಮುಂದಿನ ವರ್ಷಗಳಿಗೆ ಗಟ್ಟಿ ಮಾಡುತ್ತದೆ, ಗಂಟಲಿನಿಂದ ಬ್ಯಾಕ್ಟೀರಿಯಾವನ್ನು ದೂರ ಇಡುತ್ತದೆ. ಓಡಾಡುವ, ಎಲ್ಲರ ಕಂಕುಳಿಗೇರುವ, ಅಂಗನವಾಡಿಗೆ ಹೋಗುವ ವಯಸ್ಸಿನ ಮಗುವೇ ಮನೆಯಲ್ಲಿ ಬ್ಯಾಕ್ಟೀರಿಯಾ ಹಂಚುವುದು. ಬ್ರಿಟನ್ 1992ರಲ್ಲಿ ಹಿಬ್ ಲಸಿಕೆಯನ್ನು ಬೂಸ್ಟರ್ ಇಲ್ಲದೆ ಶುರು ಮಾಡಿತ್ತು. ಮೊದಲು ಕಾಯಿಲೆ ಕುಸಿಯಿತು, ಕೆಲವು ವರ್ಷದ ನಂತರ ಮತ್ತೆ ಏರಿತು, 2003ರಲ್ಲಿ ಬೂಸ್ಟರ್ ಅಭಿಯಾನ ಮಾಡಿದ ಮೇಲೆ ಇಳಿಯಿತು. ಅಮೆರಿಕದಲ್ಲಿ 2000ರಲ್ಲಿ ಮಕ್ಕಳಿಗೆ ಪಿಸಿವಿ ಕೊಡಲು ಶುರು ಮಾಡಿದ ಮೇಲೆ, ಎರಡು ವರ್ಷದೊಳಗಿನವರಲ್ಲಿ ನ್ಯುಮೋಕಾಕಸ್ ಮೆನಿಂಜೈಟಿಸ್ ಶೇ 64 ಇಳಿಯಿತು, ಅದು ನಿರೀಕ್ಷಿಸಿದ್ದೇ. ಆ ಲಸಿಕೆ ಪಡೆಯದ 65 ದಾಟಿದ ಅಜ್ಜ-ಅಜ್ಜಿಯರಲ್ಲೂ ಶೇ 54 ಇಳಿಯಿತು. ಮೊಮ್ಮಗನ ತೊಡೆಗೆ ಬಿದ್ದ ಸೂಜಿ ಅಜ್ಜಿಯ ಮೆದುಳನ್ನು ಉಳಿಸಿದೆ.

ಇನ್ನು ನಮ್ಮ ಮೂರು ಜಿಲ್ಲೆಗಳಿಗೆ ಒಂಬತ್ತನೇ ತಿಂಗಳು ಬೇರೆ ಜಿಲ್ಲೆಗಳಿಗಿಂತ ಹೆಚ್ಚು ಮುಖ್ಯ. ಅದೇ ದಿನ ಪಿಸಿವಿ ಬೂಸ್ಟರ್ ಜೊತೆ ದಡಾರ-ರುಬೆಲ್ಲಾ ಲಸಿಕೆ, 2023ರಿಂದ ಪೋಲಿಯೋದ ಮೂರನೇ ಚುಚ್ಚುಮದ್ದು, ವಿಟಮಿನ್ ಎ, ಮತ್ತು ಮೊದಲು ಹೇಳಿದ ಸೊಳ್ಳೆ ಮೆದುಳು ಜ್ವರದ ಲಸಿಕೆಯ ಮೊದಲ ಡೋಸ್ ಎಲ್ಲವೂ ಬರುತ್ತವೆ. ಆ ಒಂದು ಗುರುವಾರ ತಪ್ಪಿದರೆ ಗದ್ದೆಯ ಮೆದುಳು ಜ್ವರಕ್ಕೂ ಗಂಟಲಿನ ಮೆನಿಂಜೈಟಿಸ್‌ಗೂ ಒಟ್ಟಿಗೇ ಬಾಗಿಲು ತೆರೆದಿಟ್ಟ ಹಾಗೆ.

ಆದರೆ ಆ ಗುರುವಾರವೇ ತಪ್ಪುವುದು. 14 ವಾರದ ತನಕ ತಾಯಿ ತವರಲ್ಲಿರುತ್ತಾಳೆ, ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾಳೆ, ಎಲ್ಲವೂ ನಡೆಯುತ್ತದೆ. ಆಮೇಲೆ ಐದಾರು ತಿಂಗಳು ದೊಡ್ಡ ಲಸಿಕೆ ಯಾವುದೂ ಇಲ್ಲ. ಆ ಗ್ಯಾಪಿನಲ್ಲಿ ಅವಳು ಗಂಡನ ಮನೆಗೆ ಹೋಗುತ್ತಾಳೆ, ಅಲ್ಲಿಂದ ಗುಳೆ ಹೋಗುತ್ತಾಳೆ. ಲಿಂಗಸುಗೂರು, ದೇವದುರ್ಗ, ಮಸ್ಕಿ, ಕುಷ್ಟಗಿ, ಕನಕಗಿರಿ ಕಡೆಯ ಒಣಬೇಸಾಯದ ಹಳ್ಳಿಗಳಿಂದ, ತಾಂಡಾಗಳಿಂದ ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಗೋವಾ, ಪುಣೆಯ ಕಟ್ಟಡ ಕೆಲಸಕ್ಕೆ ಹೊರಡುವ ಬಸ್ಸುಗಳಲ್ಲಿ ಕಂಕುಳ ಕೂಸುಗಳೂ ಇರುತ್ತವೆ. ಬೆಂಗಳೂರಿನ ಶೆಡ್‌ನಲ್ಲಿ ಆ ಕೂಸು ಯಾವ ಆಶಾ ಕಾರ್ಯಕರ್ತೆಯ ಪಟ್ಟಿಯಲ್ಲೂ ಇರುವುದಿಲ್ಲ. ಊರಲ್ಲಿ ಪಟ್ಟಿ ಇದೆ, ಕೂಸಿಲ್ಲ. ಅಲ್ಲಿ ಕೂಸಿದೆ, ಪಟ್ಟಿಯಿಲ್ಲ. ರಾಜ್ಯದ ಸರಾಸರಿ ಚೆನ್ನಾಗಿಯೇ ಇದೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಶೇ 84ರಷ್ಟು ಮಕ್ಕಳಿಗೆ ಮೂಲ ಲಸಿಕೆಗಳೆಲ್ಲ ಸಿಕ್ಕಿದ್ದವು. ಆ ಸರಾಸರಿಯ ಕೆಳಗೆ ಮುಚ್ಚಿಹೋಗುವುದು ಈ ಶೆಡ್‌ನ ಕೂಸುಗಳು.

ಲಸಿಕೆ ಎಲ್ಲವನ್ನೂ ತಡೆಯುತ್ತದೆ ಅಂತ ನಾನು ಹೇಳುತ್ತಿಲ್ಲ. ನ್ಯುಮೋಕಾಕಸ್‌ನಲ್ಲಿ ನೂರಕ್ಕೂ ಹೆಚ್ಚು ಬಗೆಗಳಿವೆ, ನ್ಯುಮೋಸಿಲ್ ಕಾಯುವುದು ಹತ್ತರಿಂದ. ಅವೇ ಹೆಚ್ಚು ಕಾಟ ಕೊಡುವವು, ಆದರೆ ಅವು ಹೋದ ಜಾಗಕ್ಕೆ ಬೇರೆ ಬಗೆಗಳು ಬರುವುದನ್ನು ಅಮೆರಿಕದಲ್ಲೂ ನೋಡಿದ್ದಾರೆ. ಅದಕ್ಕೇ ಬೆನ್ನಿನ ನೀರಿನ ಪರೀಕ್ಷೆ ನಿಲ್ಲಬಾರದು. ಯಾವ ಬಗೆ ಬರುತ್ತಿದೆ ಅಂತ ಗೊತ್ತಾಗುವುದು ಅದರಿಂದಲೇ, ಮುಂದಿನ ಲಸಿಕೆಯಲ್ಲಿ ಏನಿರಬೇಕು ಅನ್ನುವುದೂ ಅದರಿಂದಲೇ. ಹುಟ್ಟಿದ ಮೊದಲ ತಿಂಗಳ ಮೆನಿಂಜೈಟಿಸ್‌ಗೆ ಈ ಲಸಿಕೆಗಳು ಉಪಯೋಗವಿಲ್ಲ. ಅದನ್ನು ತರುವ ಬ್ಯಾಕ್ಟೀರಿಯಾಗಳೇ ಬೇರೆ, ಅದಕ್ಕೆ ಬೇಕಿರುವುದು ಶುದ್ಧ ಹೆರಿಗೆ, ಕೈ ತೊಳೆದ ಸಿಬ್ಬಂದಿ, ಹೊಕ್ಕುಳಿಗೆ ಏನನ್ನೂ ಹಚ್ಚದಿರುವುದು. ಟಿಬಿಯಿಂದ ಬರುವ ಮೆನಿಂಜೈಟಿಸ್ ಇನ್ನೊಂದು. ಹುಟ್ಟಿದ ಕೂಡಲೇ ಹಾಕುವ ಬಿಸಿಜಿ ದೊಡ್ಡವರ ಟಿಬಿಯನ್ನು ಅಷ್ಟಾಗಿ ತಡೆಯದಿದ್ದರೂ, ಮಕ್ಕಳಿಗೆ ಮೆದುಳಿಗೆ ಏರುವ ಟಿಬಿಯನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಎಡ ತೋಳಿನ ಆ ಸಣ್ಣ ಕಲೆಯ ಮುಖ್ಯ ಕೆಲಸವೇ ಅದು.

ರಾಯಚೂರಿಗೆ ಏಮ್ಸ್ ಬೇಕು ಅಂತ ವರ್ಷಗಟ್ಟಲೆ ಹೋರಾಟ ನಡೆದಿದೆ. ಬರಲಿ, ಬರಲೇಬೇಕು. ಅದರ ಜೊತೆಗೆ ಈಗಿರುವ ಮೂರು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲೂ ಮಕ್ಕಳ ಮೆನಿಂಜೈಟಿಸ್ ಪ್ರಕರಣಗಳನ್ನು ಯಾವ ಬ್ಯಾಕ್ಟೀರಿಯಾ, ಮಗುವಿಗೆ ಎಷ್ಟು ಡೋಸ್ ಆಗಿತ್ತು ಅನ್ನುವುದರ ಸಮೇತ ಬರೆದಿಟ್ಟು, ವರ್ಷಕ್ಕೊಮ್ಮೆ ಜಿಲ್ಲೆಯ ಜನರಿಗೆ ಹೇಳಬೇಕು ಅಂತಲೂ ಕೇಳೋಣ. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಆಶಾ ಕಾರ್ಯಕರ್ತೆ ಮನೆ ಬಾಗಿಲಲ್ಲಿ ನಿಂತು "ಯವ್ವಾ, ಹೋದ ವರ್ಷ ನಮ್ಮ ಜಿಲ್ಲಾದಾಗ ಇಷ್ಟು ಕೂಸಿಗೆ ಈ ಬ್ಯಾನಿ ಬಂದಿತ್ತು, ಅದರಾಗ ಪೂರಾ ಸೂಜಿ ಆದವರು ಇಷ್ಟೇ ಮಂದಿ" ಅಂತ ಹೇಳುವ ಹಾಗಾದರೆ ಅದಕ್ಕಿರುವ ತೂಕ ಯಾವ ಪೋಸ್ಟರಿಗೂ ಇಲ್ಲ.

ಗುಳೆ ಹೊರಡುವವರಿಗೆ ಗೊತ್ತಿರಬೇಕಾದ ಎರಡು ವಿಷಯ. ಲಸಿಕೆಗಳನ್ನು ಬರೆದಿಡುವ ತಾಯಿ ಕಾರ್ಡ್ ಜೊತೆಗಿದ್ದರೆ ದೇಶದ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ಮುಂದಿನ ಡೋಸ್ ಪುಕ್ಕಟೆ ಹಾಕುತ್ತಾರೆ, ಆಧಾರ್ ವಿಳಾಸ ಊರಿನದ್ದೇ ಇದ್ದರೂ ಅಡ್ಡಿಯಿಲ್ಲ. ಕಾರ್ಡ್ ಕಳೆದಿದ್ದರೂ ಹೋಗಿ. ಮತ್ತು ಡೋಸ್ ತಪ್ಪಿ ತಿಂಗಳುಗಳಾಗಿದ್ದರೆ ಇನ್ನು ಮುಗಿಯಿತು ಅಂತ ಬಿಡಬೇಡಿ. ಮೊದಲ ಹುಟ್ಟುಹಬ್ಬದೊಳಗೆ ಪೆಂಟಾ ಮತ್ತು ಪಿಸಿವಿಯ ಒಂದೊಂದು ಡೋಸ್ ಆದರೂ ಬಿದ್ದಿದ್ದರೆ ಉಳಿದವನ್ನು ವರ್ಷ ದಾಟಿದ ಮೇಲೂ ಮುಗಿಸಿಕೊಡುತ್ತಾರೆ, ಮೊದಲಿಂದ ಶುರು ಮಾಡಬೇಕಿಲ್ಲ. ಒಂದೂ ಬಿದ್ದಿಲ್ಲದ ಕೂಸು ಮನೆಯಲ್ಲಿದ್ದರೆ, ಅದಕ್ಕೆ ವರ್ಷ ತುಂಬುವ ಮೊದಲು ಬರುವ ಗುರುವಾರವೇ ಕರೆದುಕೊಂಡು ಹೋಗಿ.